ಪಾದ ನೋಡುವ ಅಧಿಕೃತ ವಿಧಾನ

ಸಕ್ಕರೆ ಕಾಯಿಲೆಯವರ ಚಪ್ಪಲಿ ಬಿಚ್ಚಿಸಿ ಪಾದವನ್ನು ಕಣ್ಣಾರೆ ನೋಡಿದರೆ ಆ ಪಾದ ಉಳಿಯುವ ಸಾಧ್ಯತೆ ಹೆಚ್ಚು ಎಂಬುದು ಪುಣೆಯ ಗುಲ್ಟೇಕಡಿಯಲ್ಲಿರುವ ಸರ್ವಮಂಗಳ ಲೋಕಹಿತ ರುಗ್ಣಾಲಯದಲ್ಲಿ ವೈಜ್ಞಾನಿಕವಾಗಿ ಸಾಬೀತಾಗಿದೆ. ಸಾಬೀತಾಗಲು ಹನ್ನೊಂದು ತಿಂಗಳು ಹಿಡಿಯಿತು. ಅದಕ್ಕೂ ಮೊದಲು ಇದು ಬರೀ ನಿಜವಾಗಿತ್ತು.

ಆ ಹನ್ನೊಂದು ತಿಂಗಳೂ ಪಾದ ನೋಡಿದವಳು ಹರ್ಷದಾ ಸಿಸ್ಟರ್. ಮೂಲ ಬೈಲಹೊಂಗಲ, ಅಪ್ಪನ ಕಾಲಕ್ಕೇ ಪುಣೆ ಸೇರಿದ ಮನೆತನ. ಹೊರರೋಗಿ ವಿಭಾಗದ ಏಳನೆಯ ಕೋಣೆಯಲ್ಲಿ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು, ಬಂದವರಿಗೆ ಮರಾಠಿಯಲ್ಲೋ ಕನ್ನಡದಲ್ಲೋ ಚಪ್ಪಲಿ ಬಿಚ್ಚಲು ಹೇಳುತ್ತಿದ್ದಳು. ಬೆರಳ ಸಂದು, ಹಿಮ್ಮಡಿ, ಅಂಗಾಲು ನೋಡಿ, ಒಂದು ದಪ್ಪ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, "ಗೊತ್ತಾಗ್ತದೇನ್ರಿ?" ಎಂದು ಕೇಳುತ್ತಿದ್ದಳು. ಗೊತ್ತಾಗುವುದಿಲ್ಲ ಎಂದವರ ಪಾದವನ್ನು ಇನ್ನೊಮ್ಮೆ ನೋಡುತ್ತಿದ್ದಳು. ಬಿರುಕೋ ಬೊಕ್ಕೆಯೋ ಕಂಡರೆ ಅಲ್ಲೇ ತೊಳೆದು ಕಟ್ಟಿ ವೈದ್ಯರ ಬಳಿ ಕಳಿಸುತ್ತಿದ್ದಳು. ಒಬ್ಬರಿಗೆ ನಾಲ್ಕು ನಿಮಿಷ. ಬರುವವರಲ್ಲಿ ಹೆಚ್ಚಿನವರು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ, ಬಟಾಟೆ ಚೀಲ ಹೊರುವ ಹಮಾಲರು. ಮೊಳೆ ಚುಚ್ಚಿದರೂ ಸಂಜೆ ಚಪ್ಪಲಿಯಲ್ಲಿ ರಕ್ತ ಕಂಡ ಮೇಲೆ ತಿಳಿಯುವಷ್ಟು ಜಡ್ಡುಗಟ್ಟಿದ ಪಾದಗಳು. ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಹತ್ತೊಂಬತ್ತು ಕಾಲು ಕತ್ತರಿಸಿದ್ದರು. ಆ ವರ್ಷ ಆರು.

ಇದನ್ನು ಸಂಶೋಧನಾ ವಿಭಾಗದ ಮುಖ್ಯಸ್ಥರಾದ ಡಾ. ಮಧ್ವೇಶ ಇಪ್ಪತ್ತೆರಡು ಪುಟಗಳಲ್ಲಿ ಬರೆದರು. ವಿದೇಶದ ಪತ್ರಿಕೆಯೊಂದರಲ್ಲಿ ಅದು ಒಂಬತ್ತು ಜನ ಲೇಖಕರ ಹೆಸರಿನಲ್ಲಿ ಅಚ್ಚಾಯಿತು. ಒಂಬತ್ತು ಜನರಲ್ಲಿ ಇಬ್ಬರು ಏಳನೆಯ ಕೋಣೆಯನ್ನು ಕಂಡಿದ್ದರು. ಅವರಲ್ಲೊಬ್ಬರು ಶೌಚಾಲಯ ಹುಡುಕುತ್ತ ಬಂದವರು. ಕೊನೆಯ ಪುಟದ ಕೃತಜ್ಞತೆಗಳಲ್ಲಿ 'ಆಸನ ವ್ಯವಸ್ಥೆಗಾಗಿ ಶ್ರೀಮತಿ ಹರ್ಷದಾ' ಎಂದಿತ್ತು. ಆಸ್ಪತ್ರೆಯಲ್ಲಿ ಪೇಡೆ ಹಂಚಿದರು. ಹರ್ಷದಾಳಿಗೂ ಎರಡು ಸಿಕ್ಕವು.

ಮುಂದಿನ ಸೋಮವಾರ ಅವಳು ಕೆಲಸಕ್ಕೆ ಬಂದರೆ ಕೋಣೆಯಲ್ಲಿ ಸ್ಟೂಲು ಇರಲಿಲ್ಲ. ನೆಟ್ಟಗೆ ಡಾ. ಮಧ್ವೇಶರ ಬಳಿ ಹೋದಳು.

"ಸರ್, ನನ್ನ ಸ್ಟೂಲ್ ಎಲ್ಲದ?"

"ಸ್ಟೋರಿಗೆ ಜಮಾ ಆಗ್ಯದ. ಅದು ಸಂಶೋಧನಾ ಉಪಕರಣ ಅಲ್ರೀ? ಸಂಶೋಧನಾ ಮುಗೀತು."

"ಮುಗೀತು, ಸರಿ. ಪಾದ ನೋಡೂದು ಛಲೋ ಅಂತ ಅದರಾಗ ಬಂತಲ್ರಿ?"

"ಭಾಳ ಛಲೋ ಅಂತ ಬಂದದ. ಆ ಅಂಕಿ-ಸಂಖ್ಯಾ ನೋಡಿದ್ರ ಕಣ್ಣಾಗ ನೀರು ಬರ್ತಾವ."

"ಹಂಗಾದ್ರ ನೋಡ್ತೀನ್ರಿ."

ಡಾ. ಮಧ್ವೇಶ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗ ಮಾಡ್ಲಿಕ್ಕೆ ಬರೂದಿಲ್ಲ, ಹರ್ಷದಾ. ಮೊನ್ನೆ ತನಕಾ ನೀವು ನೋಡಿದ್ದು ಸಂಶೋಧನಾ. ಅದಕ್ಕ ನೈತಿಕ ಸಮಿತಿ ಒಪ್ಪಿಗಿ ಇತ್ತು. ಇವತ್ತು ನೋಡಿದ್ರ ಅದು ಆರೈಕೆ. ಆರೈಕೆಗೆ ಇನ್ನೂ ಯಾರೂ ಒಪ್ಪಿಗಿ ಕೊಟ್ಟಿಲ್ಲ."

ಆ ವಾರವೇ ಮಾರ್ತಾಂಡ ಬಂದ. ಅಥಣಿ ಕಡೆಯವನು, ಐವತ್ತು ದಾಟಿದವನು, ಇಪ್ಪತ್ತೇಳು ವರ್ಷದಿಂದ ಯಾರ್ಡಿನಲ್ಲಿ ಚೀಲ ಹೊರುತ್ತಿದ್ದವನು. ಅವನ ಬಲಗಾಲ ಹೆಬ್ಬೆರಳಿನ ಬುಡದಲ್ಲಿ ಒಂದು ಬಿರುಕು. ಹರ್ಷದಾ ನಾಲ್ಕು ತಿಂಗಳು ಬೆನ್ನು ಹತ್ತಿ, ಅದನ್ನು ಎಳ್ಳುಕಾಳಿನಷ್ಟಕ್ಕೆ ಇಳಿಸಿದ್ದಳು. ಏಳನೆಯ ಕೋಣೆಗೆ ಬೀಗ ಕಂಡು ಅವನು ಔಷಧದ ಕೌಂಟರಿಗೆ ಬಂದ. ಈಗ ಅಲ್ಲಿ ಮಾತ್ರೆ ಎಣಿಸುವ ಕೆಲಸಕ್ಕೆ ಬಿದ್ದಿದ್ದ ಹರ್ಷದಾಳನ್ನು ನೋಡಿದ್ದೇ ತಡ, ಚಪ್ಪಲಿ ಬಿಚ್ಚಿ ಕಾಲನ್ನು ಕಟ್ಟೆಯ ಮೇಲಿಟ್ಟ.

"ಕಾಕಾ, ಕಾಲು ಇಳಸ್ರಿ. ಈಗ ನೋಡಂಗಿಲ್ಲ."

"ಯಾಕ್ರಿ ಅಕ್ಕಾರ? ನಂದೇನರ ತಪ್ಪಾತೇನ್ರಿ?"

ಅವಳು ಅತ್ತಿತ್ತ ನೋಡಿದಳು. ಅವನನ್ನು ಕೌಂಟರಿನ ಹಿಂದಕ್ಕೆ ಕರೆದು, ಔಷಧದ ಪೆಟ್ಟಿಗೆಯ ಮೇಲೆ ಕೂರಿಸಿ, ಮೂರು ನಿಮಿಷ ನೋಡಿ, ತೊಳೆದು ಕಟ್ಟಿದಳು. ಗುರುವಾರ ಆಡಳಿತಾಧಿಕಾರಿ ಮನೋಹರ ಸಾಹೇಬರ ಸಹಿಯುಳ್ಳ ಪತ್ರ ಬಂತು.

'ವಿಷಯ: ಪೂರ್ವಾನುಮತಿಯಿಲ್ಲದೆ ಪಾದ ವೀಕ್ಷಿಸಿರುವ ಬಗ್ಗೆ. ತಾವು ದಿನಾಂಕ ಹನ್ನೆರಡರಂದು ನೋಂದಾಯಿತ ರೋಗಿಯೊಬ್ಬರ ಬಲಪಾದವನ್ನು ಔಷಧ ವಿತರಣಾ ಕೌಂಟರಿನ ಹಿಂಭಾಗದಲ್ಲಿ ಸುಮಾರು ಮೂರು ನಿಮಿಷಗಳ ಕಾಲ ನೋಡಿರುವುದು ಆಡಳಿತದ ಗಮನಕ್ಕೆ ಬಂದಿರುತ್ತದೆ. ಸದರಿ ವೀಕ್ಷಣೆಗೆ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು.'

ಹರ್ಷದಾ ಬರೆದಳು: 'ರೋಗಿಯ ಪಾದಕ್ಕೆ ಗಾಯವಾಗಿತ್ತು.'

ಮರುದಿನ ಉತ್ತರ ಬಂತು: 'ಗಾಯವಾಗಿತ್ತೆಂಬುದು ನೋಡಿದ ನಂತರ ತಿಳಿದುಬಂದ ಸಂಗತಿ. ಅದು ನೋಡುವುದಕ್ಕೆ ಕಾರಣವಾಗಲಾರದು. ಇನ್ನೊಮ್ಮೆ ಇಂಥದು ನಡೆದಲ್ಲಿ ತಮ್ಮನ್ನು ಭೋರ್ ಶಾಖೆಗೆ ವರ್ಗಾಯಿಸಲಾಗುವುದು.'

ಭೋರ್‌ಗೆ ದಿನಾ ಹೋಗಿಬರಬೇಕೆಂದರೆ ಕಾತ್ರಜದಲ್ಲಿ ಬಸ್ಸು ಬದಲಿಸಿ ಘಾಟಿನ ದಾರಿಯಲ್ಲಿ ಅರ್ಧ ದಿನ ಕಳೆಯಬೇಕು. ಮನೆಯಲ್ಲಿ ಅತ್ತೆ ರಂಗೂಬಾಯಿಗೆ ಎರಡು ಹೊತ್ತು ಇನ್ಸುಲಿನ್ ಕೊಡುವವರು ಬೇರೆ ಯಾರೂ ಇರಲಿಲ್ಲ. ಹರ್ಷದಾ ಪತ್ರವನ್ನು ಅತ್ತೆಗೆ ಓದಿ ಹೇಳಿದಳು. ರಂಗೂಬಾಯಿ ಎಲ್ಲ ಕೇಳಿಸಿಕೊಂಡು, ಕೂತಲ್ಲೇ ಎರಡೂ ಕಾಲು ಮುಂದಕ್ಕೆ ಚಾಚಿದರು.

"ನನ್ನ ಕಾಲು ನೋಡ್ಲಿಕ್ಕೂ ನಿಮ್ಮ ಸಾಹೇಬ್ರ ಪರವಾನಗಿ ಬೇಕೇನ?"

ಹರ್ಷದಾ ನೋಡಿದಳು. ನಾಲ್ಕು ನಿಮಿಷವಾಯಿತು. ಆ ವರ್ಷ ಆಸ್ಪತ್ರೆಗೆ ಸಂಬಂಧಪಟ್ಟವರೊಬ್ಬರು ರೋಗಿಯ ಪಾದವನ್ನು ನೆಮ್ಮದಿಯಾಗಿ ನೋಡಿದ್ದು ಅದೇ ಕೊನೆ.

ಆಸ್ಪತ್ರೆ ಸುಮ್ಮನೆ ಕೂತಿರಲಿಲ್ಲ. ಸಂಶೋಧನೆ ಕಪಾಟಿನಲ್ಲಿ ಕೊಳೆಯಬಾರದು, ಅದು ರೋಗಿಯ ಹಾಸಿಗೆಯ ತನಕ ತಲುಪಬೇಕು ಎಂಬ ಉದಾತ್ತ ಉದ್ದೇಶದಿಂದ 'ಸಂಶೋಧನಾ ಫಲ ಅನುಷ್ಠಾನ ಕೇಂದ್ರ'ವನ್ನು ಸ್ಥಾಪಿಸಲಾಯಿತು. ಡಾ. ಮಧ್ವೇಶ ನಿರ್ದೇಶಕರಾದರು. ಕೇಂದ್ರಕ್ಕೆ ಕಚೇರಿ ಬೇಕಾಯಿತು. ಏಳನೆಯ ಕೋಣೆ ಖಾಲಿ ಬಿದ್ದಿತ್ತು.

ಪಾದ ನೋಡುವುದಕ್ಕೆ ನಿಯಮಗಳಿಲ್ಲ ಎಂಬುದು ಮೊದಲ ಸಭೆಯಲ್ಲೇ ಗೊತ್ತಾಗಿ ಎಲ್ಲರೂ ಗಾಬರಿಯಾದರು. ಬಿಚ್ಚಿದ ಚಪ್ಪಲಿಯನ್ನು ಎಲ್ಲಿಡಬೇಕು ಎಂಬುದನ್ನು ನಿರ್ಧರಿಸಲು ಒಂದು ಉಪಸಮಿತಿ ನೇಮಕವಾಯಿತು. ಮೊದಲು ಬಲಪಾದ ನೋಡಬೇಕೋ ಎಡಪಾದವೋ ಎಂಬುದಕ್ಕೆ ಇನ್ನೊಂದು. ಬಲವೇ ಶುಭ ಎಂದು ಮನೋಹರ ಸಾಹೇಬರ ವಾದ. ವಿದೇಶದಲ್ಲಿ ಹೇಗಿದೆಯೆಂದು ನೋಡಿಕೊಂಡು ಬರುವುದು ಒಳ್ಳೆಯದು ಎಂದು ಡಾ. ಮಧ್ವೇಶರ ವಾದ. ಅವರು ನಾಲ್ವರನ್ನು ಕರೆದುಕೊಂಡು ಹೋಗಿ ಹನ್ನೆರಡು ದಿನ ಅಲ್ಲಿನ ಪಾದಗಳನ್ನು ನೋಡಿ ಬಂದು, ಅವು ನಮ್ಮವಕ್ಕಿಂತ ದೊಡ್ಡವೆಂದೂ, ಉಳಿದಂತೆ ಬೆರಳುಗಳ ಸಂಖ್ಯೆ ಸಮನಾಗಿದೆಯೆಂದೂ ವರದಿ ಕೊಟ್ಟರು. ವರದಿಯನ್ನು ಸಭೆ ಚಪ್ಪಾಳೆಯೊಂದಿಗೆ ಅಂಗೀಕರಿಸಿತು.

ಯೋಜನೆಗೆ 'ಪಾದರಕ್ಷಾ' ಎಂದು ಹೆಸರಿಟ್ಟರು. ಗೇಟಿನ ಬಳಿ ಫಲಕ ಹಾಕಿದ ಮಾರನೆಯ ದಿನ ಕನ್ನಡ ಬಲ್ಲ ನಲವತ್ತು ಹಮಾಲರು ಬಂದು ಹೊಸ ಚಪ್ಪಲಿ ಎಲ್ಲಿ ಕೊಡುತ್ತಾರೆಂದು ಕೇಳಿದರು. ಅವರಿಗಾಗಿ ಕೆಳಗಡೆ ಇನ್ನೊಂದು ಫಲಕ ಬಂತು: 'ಪಾದರಕ್ಷಾ ಎಂದರೆ ಪಾದದ ರಕ್ಷಣೆ. ಪಾದರಕ್ಷೆ ಎಂದು ತಿಳಿದು ಬಂದವರು ತಾವು ಬಂದ ಪಾದರಕ್ಷೆಯಲ್ಲೇ ಹಿಂತಿರುಗತಕ್ಕದ್ದು.'

ಎಲ್ಲವೂ ಕಂಪ್ಯೂಟರಿನಲ್ಲಿ ಇರಬೇಕೆಂದು ತೀರ್ಮಾನವಾದ್ದರಿಂದ ಸಾಫ್ಟ್‌ವೇರ್ ಕಂಪನಿಯೊಂದರಿಂದ ಸ್ಪಂದನಾ ಎಂಬ ಮೈಸೂರಿನ ಹುಡುಗಿ ಬಂದಳು. ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಲು ಅವಳನ್ನು ಹರ್ಷದಾಳ ಬಳಿ ಕಳಿಸಿದರು.

"ಮೇಡಂ, ಪ್ರೋಸೆಸ್ ಸ್ವಲ್ಪ ಹೇಳ್ತೀರಾ? ಸ್ಟೆಪ್ ಬೈ ಸ್ಟೆಪ್."

"ಚಪ್ಪಲಿ ಬಿಚ್ಚಸೂದು. ಪಾದ ನೋಡೂದು. ಗಾಯ ಇದ್ರ ಕಟ್ಟೂದು."

ಸ್ಪಂದನಾ ಬರೆದುಕೊಂಡು ಕಾದಳು. "ಆಮೇಲೆ?"

"ಆಮ್ಯಾಲ ಮುಂದಿನವರ್ನ ಕರೆಯೂದು."

"ಅಷ್ಟೇನಾ? ಹಾಗಾದ್ರೆ ಇದಕ್ಕೆ ಆ್ಯಪ್ ಯಾಕೆ ಮೇಡಂ?"

"ಅದನ್ನ ನೀವ ಹೇಳ್ಬೇಕವ್ವಾ."

ಸ್ಪಂದನಾ ಈ ಪ್ರಶ್ನೆಯನ್ನು ಡಾ. ಮಧ್ವೇಶರ ಎದುರು ಒಮ್ಮೆ ಎತ್ತಿದಳು. ಅವರು ಅವಳ ಕಂಪನಿಗೆ ಫೋನ್ ಮಾಡಿದರು. ಆಮೇಲೆ ಅವಳು ಯಾವ ಪ್ರಶ್ನೆಯನ್ನೂ ಎತ್ತದೆ, ಪ್ರತಿ ರೋಗಿಗೆ ನಲವತ್ತಮೂರು ಕಾಲಂ ಇರುವ ಆ್ಯಪ್ ತಯಾರಿಸಿದಳು. ಮೂವತ್ತೊಂಬತ್ತನೆಯದು 'ಪಾದ' ಎಂದಿತ್ತು.

ಹೀಗೆ ಎಂಟು ತಿಂಗಳು ಕಳೆದವು. ಮಾರ್ತಾಂಡ ಪ್ರತಿ ತಿಂಗಳೂ ಬಂದು ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದ. ಕೌಂಟರಿನ ನೆತ್ತಿಯ ಮೇಲೆ ಈಗ ಕ್ಯಾಮೆರಾ ಕೂತಿತ್ತು. ಹರ್ಷದಾ ಮಾತ್ರೆ ಎಣಿಸುತ್ತ ತಲೆ ಎತ್ತದೆ ಕೇಳುತ್ತಿದ್ದಳು.

"ಕಾಕಾ, ಮನ್ಯಾಗ ಕನ್ನಡಿ ಇಟ್ಟು ಅಂಗಾಲು ನೋಡ್ಕೋತೀರಿಲ್ಲೋ?"

"ನಾವು ಒಂಬತ್ತು ಮಂದಿ ಒಂದ ಖೋಲಿ ಅಕ್ಕಾರ. ಕನ್ನಡಿ ಗ್ವಾಡಿಗೆ ಬಡದಾರ, ಮುಖಕ್ಕಷ್ಟ ಸಿಗ್ತದ."

"ಚನ್ನವೀರಗ ನೋಡು ಅನ್ರಿ."

"ಅಂದೆ. ಏನೂ ಇಲ್ಲ ಅಂತಾನ. ಕತ್ತಲಾಗ ಅವಂಗೇನು ಕಾಣಬೇಕು." ಚನ್ನವೀರ ಅವನ ಜೊತೆಯ ಹಮಾಲ, ಮೂವತ್ತರ ಗಟ್ಟಿ ಆಳು. "ಇರ್ಲಿ ಬಿಡ್ರಿ. ಕೇಂದ್ರ ಸುರು ಆದಕೂಡ್ಲೆ ನೀವ ನೋಡೂರಲ್ಲ?"

ಹರ್ಷದಾ ಅವನಿಗೆ ಎರಡು ಮಾತ್ರೆ ಹೆಚ್ಚಿಗೆ ಎಣಿಸಿ, ಮತ್ತೆ ತೆಗೆದಳು. ಮನೆಗೆ ಹೋದ ಮೇಲೂ ಅವನ ಪ್ರಶ್ನೆ ಕಿವಿಯಲ್ಲಿತ್ತು. ವರ್ಗವಾದರೆ ಆಗಲಿ, ನಾಳೆ ನೋಡಿಯೇಬಿಡುತ್ತೇನೆ ಎಂದು ಅವಳು ಮೂರು ಸಲ ನಿಶ್ಚಯಿಸಿದಳು. ಮೂರು ಸಲವೂ ಬೆಳಿಗ್ಗೆ ಅತ್ತೆಗೆ ಸೂಜಿ ಚುಚ್ಚುವಾಗ ಆ ನಿಶ್ಚಯ ಸಡಿಲವಾಯಿತು.

ಕೇಂದ್ರದ ಉದ್ಘಾಟನೆಗೆ ಹನ್ನೆರಡು ಫಲಾನುಭವಿಗಳು ಬೇಕಾದರು. ಸಂಶೋಧನೆಯ ಪಟ್ಟಿಯಿಂದ ಆರಿಸಿದ ಹನ್ನೆರಡು ಹೆಸರಿನಲ್ಲಿ ಮಾರ್ತಾಂಡನದೂ ಬಂತು. ಫೋಟೋದಲ್ಲಿ ಸಾಲು ಸಮನಾಗಿ ಕಾಣಲೆಂದು ಹನ್ನೆರಡು ಜನರಿಗೂ ಕೇಂದ್ರದ ಚಿಹ್ನೆಯಿರುವ ಬಿಳಿ ಕ್ಯಾನ್ವಾಸ್ ಬೂಟು ಕೊಟ್ಟರು. ಎಲ್ಲರಿಗೂ ಒಂದೇ ಅಳತೆ. ಅಂದು ಎಡವದಂತೆ ಹತ್ತು ದಿನ ಮೊದಲೇ ಹಾಕಿ ರೂಢಿ ಮಾಡಿಕೊಳ್ಳಬೇಕೆಂದು ಸೂಚನೆಯಿತ್ತು. ಮಾರ್ತಾಂಡ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದ. ಅವನ ಪಾದ ಆ ಅಳತೆಗಿಂತ ಒಂದು ಬೆರಳಗಲ ದೊಡ್ಡದು. ಬಿಗಿಯಾಗುತ್ತಿದೆ ಎಂದು ಅವನಿಗೆ ಅನ್ನಿಸಲಿಲ್ಲ. ಅನ್ನಿಸುವ ಪಾದ ಅವನದಾಗಿರಲಿಲ್ಲ.

ಉದ್ಘಾಟನೆಯ ದಿನ ಹರ್ಷದಾಳಿಗೆ ಹೂಗುಚ್ಛದ ತಟ್ಟೆ ಹಿಡಿದು ವೇದಿಕೆಯ ಪಕ್ಕ ನಿಲ್ಲುವ ಕೆಲಸ. ಮುಖ್ಯ ಅತಿಥಿಗಳು ಫೈಬರಿನಲ್ಲಿ ಮಾಡಿದ ಮೂರಡಿಯ ಪಾದವೊಂದರ ಮೇಲಿನ ಪರದೆ ಸರಿಸಿದರು. ಸಂಶೋಧನೆ ಜನರ ಕಾಲ ಬಳಿ ಬಂದಿದೆ ಎಂದು ಡಾ. ಮಧ್ವೇಶ ಭಾಷಣ ಮಾಡಿದರು. ಫಲಾನುಭವಿಗಳು ಒಬ್ಬೊಬ್ಬರಾಗಿ ಬಂದು ಪ್ರಮಾಣಪತ್ರ ತೆಗೆದುಕೊಂಡರು. ಏಳನೆಯವನಾಗಿ ಮಾರ್ತಾಂಡ ಮೆಟ್ಟಿಲು ಹತ್ತಿದಾಗ ಅವನ ಬಲಗಾಲ ಬೂಟಿನ ತುದಿ ಉಳಿದವರ ಬೂಟಿನಂತೆ ಬೆಳ್ಳಗಿಲ್ಲದ್ದು ಹರ್ಷದಾಳಿಗೆ ಕಂಡಿತು. ಅದು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ಒದ್ದೆಯಾಗಿತ್ತು. ಅವನು ಹತ್ತಿರ ಹಾದುಹೋದಾಗ ಗುಲಾಬಿಯ ವಾಸನೆಯನ್ನೂ ಮೀರಿ ಇನ್ನೊಂದು ವಾಸನೆ ಬಂತು. ಹದಿನಾರು ವರ್ಷ ವಾರ್ಡಿನಲ್ಲಿ ಕಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ತಟ್ಟೆಯನ್ನು ನೆಲದ ಮೇಲಿಟ್ಟು ವೇದಿಕೆ ಹತ್ತಿದಳು.

"ಕಾಕಾ, ಕೂಡ್ರಿ."

"ಇಲ್ಲೆ? ಸಾಹೇಬ್ರ ಕುರ್ಚಿ ಮ್ಯಾಲ?"

"ಕೂಡ್ರಿ ಅಂದೆ."

ಮುಖ್ಯ ಅತಿಥಿಗಳ ಖಾಲಿ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಅವಳು ಮಂಡಿಯೂರಿ ಲೇಸು ಬಿಚ್ಚಿದಳು. ಬೂಟು ಒಮ್ಮೆಗೇ ಬರಲಿಲ್ಲ. ಬಂದಾಗ ಕಾಲುಚೀಲದ ಜೊತೆ ಚರ್ಮವೂ ಬಂತು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಇದ್ದಿಲಿನಂತೆ ಕಪ್ಪಾಗಿದ್ದವು. ಮಾರ್ತಾಂಡ ಬಗ್ಗಿ ತನ್ನದೇ ಕಾಲನ್ನು ಯಾರದೋ ಎಂಬಂತೆ ನೋಡಿದ.

ಸಭಾಂಗಣದ ಮುಂದಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಹಿಂದಿನ ಸಾಲಿನ ತನಕ ಹಬ್ಬಿತು. ಇಷ್ಟು ನೈಜವಾದ ಪ್ರಾತ್ಯಕ್ಷಿಕೆಯನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಮುಖ್ಯ ಅತಿಥಿಗಳು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಹೊಗಳಿದರು. ಫೋಟೋಗ್ರಾಫರು ಬೂಟನ್ನು ಇನ್ನೊಮ್ಮೆ ಅರ್ಧ ಹಾಕಿ ತೆಗೆಯುವಂತೆ ಕೇಳಿಕೊಂಡರು.

ಸಂಜೆಯೇ ಮಾರ್ತಾಂಡನನ್ನು ಶಸ್ತ್ರಚಿಕಿತ್ಸೆಗೆ ಒಯ್ದರು. ಬೆರಳಲ್ಲಿ ನಿಲ್ಲಲಿಲ್ಲ. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಮರುದಿನ ಹರ್ಷದಾಳಿಗೆ ಒಂದೇ ಲಕೋಟೆಯಲ್ಲಿ ಎರಡು ಪತ್ರ ಬಂದವು. ಒಂದರಲ್ಲಿ ಯಶಸ್ವಿ ಪ್ರಾತ್ಯಕ್ಷಿಕೆಗಾಗಿ ಅಭಿನಂದನೆ. ಇನ್ನೊಂದರಲ್ಲಿ ಅನುಮತಿಯಿಲ್ಲದೆ ಬೂಟು ಬಿಚ್ಚಿದ್ದಕ್ಕೆ ನೋಟೀಸು. ಎರಡನ್ನೂ ಹಿಡಿದುಕೊಂಡು ಅವಳು ಡಾ. ಮಧ್ವೇಶರ ಕೋಣೆಗೆ ನುಗ್ಗಿದಳು. ಬಾಗಿಲು ತಟ್ಟಲಿಲ್ಲ.

"ಎಳ್ಳುಕಾಳಿನಷ್ಟು ಇತ್ರೀ ಆ ಬಿರಕು! ಎಂಟು ತಿಂಗಳು ಆ ಮನಿಷಾ ನನ್ನ ಮುಂದ ಬಂದು ನಿಂತಾನ. ನಾ ನೋಡಿದ್ರ ಆ ಕಾಲು ಉಳೀತಿತ್ತು."

"ಹಂಗ ಹೇಳ್ಲಿಕ್ಕೆ ಬರೂದಿಲ್ಲ. ಕೂಡ್ರಿ, ನೀರು ಕುಡೀರಿ. ನೋಡಿದ್ರ ಏನಾಗ್ತದ ಅಂತ ನಮ್ಮ ಹತ್ರ ಪುರಾವೆ ಅದ. ನೋಡದಿದ್ರ ಏನಾಗ್ತದ ಅಂತ ಇಷ್ಟು ದಿನ ಇರ್ಲಿಲ್ಲ." ಡಾ. ಮಧ್ವೇಶರ ದನಿ ಮೃದುವಾಯಿತು; ಅವರು ನಿಜಕ್ಕೂ ಕಲಕಿಹೋಗಿದ್ದರು. "ಈ ಎಂಟು ತಿಂಗಳಾಗ ಹದಿನಾಲ್ಕು ಕಾಲು ಹೋಗ್ಯಾವ, ಹರ್ಷದಾ. ಎಷ್ಟು ಅಪರೂಪದ ಮಾಹಿತಿ! ಬೇಕಂತ ಮಾಡ್ತೀವಿ ಅಂದ್ರ ಯಾವ ನೈತಿಕ ಸಮಿತಿನೂ ಒಪ್ಪತಿರಲಿಲ್ಲ. ಮುಂದಿನ ಪ್ರಬಂಧದಾಗ ನಿಮ್ಮ ಹೆಸರು ಲೇಖಕರ ಜೋಡಿ ಹಾಕ್ತೀನಿ. ಹತ್ತನೇದು."

ಹರ್ಷದಾ ನೋಟೀಸನ್ನು ಹರಿದು ಅವರ ಮೇಜಿನ ಮೇಲೆ ಹಾಕಿ ಹೊರಬಂದಳು. ಹರಿದದ್ದು ಅಭಿನಂದನಾ ಪತ್ರವೆಂದು ಮೆಟ್ಟಿಲ ಬಳಿ ತಿಳಿಯಿತು.

ಮನೋಹರ ಸಾಹೇಬರು ಕಡತವನ್ನು ಪರಿಶೀಲಿಸಿ, ಯೋಜನೆ ಅಧಿಕೃತವಾಗಿ ಆರಂಭವಾಗುವುದು ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ಎಂದು ತೋರಿಸಿಕೊಟ್ಟರು. ಹಾಗಾಗಿ ಹದಿನಾಲ್ಕು ಕಾಲುಗಳೂ ಯೋಜನೆಯ ಲೆಕ್ಕಕ್ಕೆ ಬರಲಿಲ್ಲ. ಯೋಜನೆ ಶುರುವಾದ ಮೊದಲ ದಿನ ಒಂದು ಕಾಲೂ ಹೋಗಲಿಲ್ಲ. ಆ ಸಾಧನೆಗೆ ಪ್ರಶಸ್ತಿ ಬಂತು.

ಹರ್ಷದಾಳನ್ನು ಭೋರ್‌ಗೆ ಕಳಿಸಲಿಲ್ಲ. ಅನುಭವವುಳ್ಳವರು ಬೇಕಿದ್ದುದರಿಂದ ಅವಳನ್ನೇ ಪಾದಾವಲೋಕನ ಅಧಿಕಾರಿ ಮಾಡಿದರು. ಮೇಜು, ತಿರುಗುವ ಕುರ್ಚಿ, ಕಂಪ್ಯೂಟರ್ ಬಂದವು. ಪಾದವನ್ನು ನೇರವಾಗಿ ನೋಡಿದರೆ ದಾಖಲೆ ಉಳಿಯುವುದಿಲ್ಲವಾದ್ದರಿಂದ ರೋಗಿಗಳು ಎರಡೂ ಪಾದಗಳ ಫೋಟೋ ತೆಗೆಸಿಕೊಂಡು ಬರಬೇಕೆಂದು ನಿಯಮವಾಯಿತು. ಗೇಟಿನೆದುರಿನ ಝೆರಾಕ್ಸ್ ಅಂಗಡಿಯವನು ಒಂದು ಬೆಂಚು, ಒಂದು ಬಿಳಿ ಚಾದರ ಹಾಕಿ ಆ ಸೇವೆ ಶುರುಮಾಡಿದ. ಮೊದಲೆರಡು ವಾರ ಹರ್ಷದಾ ಕುರ್ಚಿಯಿಂದ ಎದ್ದು ಬಂದು ಒಂದೆರಡು ಚಪ್ಪಲಿ ಬಿಚ್ಚಿಸಿದ್ದುಂಟು. ಆದರೆ ನಲವತ್ತಮೂರು ಕಾಲಂ ತುಂಬಲು ಒಬ್ಬರಿಗೆ ಒಂಬತ್ತು ನಿಮಿಷ ಬೇಕಾಗುತ್ತಿತ್ತು. ಸಾಲು ಗೇಟಿನ ತನಕ ಬೆಳೆಯುತ್ತಿತ್ತು. ಸಾಲಿನಲ್ಲಿದ್ದವರೇ, ಸಿಸ್ಟರ್ ಸುಮ್ಮನೆ ಕಾಲು ನೋಡುತ್ತ ಹೊತ್ತು ಕಳೆಯುತ್ತಾರೆಂದು ದೂರು ಕೊಟ್ಟರು. ಚಪ್ಪಲಿ ಬಿಚ್ಚುವ ರಗಳೆಯಿಲ್ಲದ ಹೊಸ ಪದ್ಧತಿಯೇ ಎಲ್ಲರಿಗೂ ಹಿಡಿಸಿತ್ತು. ಮೂರನೆಯ ವಾರದಿಂದ ಅವಳು ಏಳುವುದನ್ನು ಬಿಟ್ಟಳು.

ನಾಲ್ಕು ತಿಂಗಳ ಮೇಲೆ ಮಾರ್ತಾಂಡ ಊರುಗೋಲು ಊರಿಕೊಂಡು, ಚನ್ನವೀರನ ಹೆಗಲು ಹಿಡಿದು ತಪಾಸಣೆಗೆ ಬಂದ. ಎಡಪಾದದ ಫೋಟೋವನ್ನಷ್ಟೇ ತಂದಿದ್ದ. ಬಲಪಾದದ್ದು ಇಲ್ಲದೆ ಆ್ಯಪ್ ಮುಂದಕ್ಕೆ ಹೋಗಲಿಲ್ಲ. ಹರ್ಷದಾ ಸ್ಪಂದನಾಳಿಗೆ ಫೋನ್ ಮಾಡಿದಳು.

"ಮೇಡಂ, ಆ ಫೀಲ್ಡ್ ಮ್ಯಾಂಡೇಟರಿ. ಚೇಂಜ್ ಮಾಡ್ಬೇಕಂದ್ರೆ ಕಮಿಟಿ ಅಪ್ರೂವಲ್ ಬೇಕು, ಮಿನಿಮಮ್ ಆರು ತಿಂಗಳು." ಸ್ಪಂದನಾ ದನಿ ತಗ್ಗಿಸಿದಳು. "ಯಾವ್ದಾದ್ರೂ ಒಂದು ರೈಟ್ ಫುಟ್ ಹಾಕ್ಬಿಡಿ ಮೇಡಂ. ಯಾರದ್ದು ಅಂತ ಸಿಸ್ಟಮ್ ಕೇಳಲ್ಲ."

ಚನ್ನವೀರ ಎದುರಿನ ಅಂಗಡಿಗೆ ಹೋಗಿ ತನ್ನ ಬಲಗಾಲಿನ ಫೋಟೋ ತೆಗೆಸಿಕೊಂಡು ಬಂದ. ಹರ್ಷದಾ ಅದನ್ನು ಏರಿಸಿದಳು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: 'ಬಲಪಾದ ಸುಸ್ಥಿತಿಯಲ್ಲಿದೆ.' ಮುದ್ರಿಸಿದ ಹಾಳೆಯನ್ನು ಮಾರ್ತಾಂಡ ಓದಿಸಿ ಕೇಳಿದ. ಆಸ್ಪತ್ರೆಯಿಂದ ತನ್ನ ಬಗ್ಗೆ ಒಳ್ಳೆಯ ಸುದ್ದಿ ಬಂದು ಬಹಳ ದಿನವಾಗಿತ್ತು. ಅವನ ಮುಖ ಅರಳಿತು.

"ಛಲೋ ಆತು ಬಿಡ್ರಿ. ಎಡಗಾಲು ಹೆಂಗದ ಅಂತೈತ್ರಿ ಅಕ್ಕಾರ?"

ಹರ್ಷದಾ ಪರದೆಯನ್ನು ನೋಡಿದಳು. "ಎಡಗಾಲಿನ ಫೋಟೋ ಮಬ್ಬು ಬಂದದ ಕಾಕಾ. ಏನೂ ತಿಳಿವಲ್ದು. ಮುಂದಿನ ತಿಂಗಳು ಬ್ಯಾರೆ ತಗಸ್ಕೊಂಡು ಬರ್ರಿ."

ಆ ಎಡಗಾಲು ಮೇಜಿನ ಆಚೆ ಬದಿಯಲ್ಲಿ, ಅವಳಿಂದ ಎರಡು ಮೊಳ ದೂರದಲ್ಲಿ, ಬಿಳಿ ಕ್ಯಾನ್ವಾಸ್ ಬೂಟಿನೊಳಗೆ ಇತ್ತು.

"ಆಗ್ಲಿ ತಗೋರಿ" ಎಂದು ಹೇಳಿ ಮಾರ್ತಾಂಡ ಎದ್ದ. ಹರ್ಷದಾ ಮುಂದಿನವರನ್ನು ಕರೆದಳು.